ಕತ್ತಲೆ ಕೋಣೆಯ ಬಿಳಿ ಮರಗಳು

ರೈಲ್ವೆ ಆಸ್ಪತ್ರೆಯ ಡಾಕ್ಟರು ಕೊರಗಪ್ಪನ ಮುಂದೆ ಒಂದು ಪುಸ್ತಕ ಬಿಡಿಸಿ ಹಿಡಿದರು. ಪುಟದ ತುಂಬ ದುಂಡು ದುಂಡು ಚುಕ್ಕೆಗಳು. ‘ಇದರಲ್ಲಿ ಯಾವ ಅಂಕಿ ಇದೆ?’ ಎಂದು ಹಿಂದಿಯಲ್ಲಿ ಕೇಳಿದರು. ಕೊರಗಪ್ಪ ಕಣ್ಣು ಕಿರಿದು ಮಾಡಿ ನೋಡಿದ. ಕುರ್ಚಿಯಲ್ಲೇ ಹಿಂದೆ ಸರಿದು ನೋಡಿದ. ರವೆ ಚೆಲ್ಲಿದ ಹಾಗೆ ಬರೀ ಚುಕ್ಕೆಗಳು.

‘ಇದರಲ್ಲಿ ಅಂಕಿ ಇಲ್ಲ ಸರ್,’ ಎಂದ.

ಡಾಕ್ಟರು ಪುಟ ತಿರುವಿದರು. ಅದರಲ್ಲೂ ಇರಲಿಲ್ಲ. ಸರದಿಗೆ ಕಾಯುತ್ತ ಬಾಗಿಲಲ್ಲಿ ನಿಂತಿದ್ದ ಹುಡುಗನೊಬ್ಬ ತಡೆಯಲಾರದೆ ಕಿಸಕ್ಕನೆ ನಕ್ಕ. ಅವನಿಗೆ ಅಷ್ಟು ದೂರದಿಂದಲೂ ಅಂಕಿ ಕಾಣುತ್ತಿತ್ತು.

‘ಕೆಂಪು ಹಸಿರು ನಿನಗೆ ಒಂದೇ,’ ಎಂದು ಡಾಕ್ಟರು ಪುಸ್ತಕ ಮುಚ್ಚಿದರು. ‘ಸಿಗ್ನಲ್ ಹೇಗೆ ನೋಡುತ್ತೀ?’

ಇದು 1967ರ ಮಾತು. ಕಾಪು ಕಡೆಯ ಕೊರಗಪ್ಪ ಮೀಸೆ ಮೂಡುವ ಮೊದಲೇ ಸೋದರಮಾವ ಅಣ್ಣುವಿನ ಹಿಂದೆ ಮುಂಬಯಿಗೆ ಬಂದವನು. ಹಗಲು ಮಾಟುಂಗದಲ್ಲಿ ಮಾವನ ಉಡುಪಿ ಹೋಟೆಲಿನಲ್ಲಿ ಮೇಜು ಒರೆಸಿ, ಸಂಜೆ ಲೋಕಲ್ ಹಿಡಿದು ಫೋರ್ಟಿನ ಕನ್ನಡ ರಾತ್ರಿ ಶಾಲೆಗೆ ಹೋಗಿ ಮೆಟ್ರಿಕ್ ಮಾಡಿದ್ದ. ದಿನಾ ಕೂತು ಬರುತ್ತಿದ್ದ ಆ ಲೋಕಲನ್ನು ತಾನೇ ಓಡಿಸಬೇಕು, ಮೋಟರ್‌ಮನ್ ಆಗಬೇಕು ಎಂಬ ಆಸೆ ಹುಟ್ಟಿ, ಆ ದಾರಿಯ ಮೊದಲ ನೌಕರಿಗೆ ಪರೀಕ್ಷೆ ಬರೆದು ಪಾಸೂ ಆಗಿದ್ದ. ಕೊನೆಗೆ ಚುಕ್ಕೆಗಳ ಪುಸ್ತಕವೊಂದು ಅವನನ್ನು ಪ್ಲಾಟ್‌ಫಾರಂ ಮೇಲೆ ಬಿಟ್ಟು ಹೋಯಿತು.

ಆಸ್ಪತ್ರೆಯಿಂದ ಹೊರಬಂದವನು ಎದುರಿನ ಹಣ್ಣಿನ ಗಾಡಿಯ ಮುಂದೆ ಸುಮಾರು ಹೊತ್ತು ನಿಂತ. ಚಿಕ್ಕವನಿದ್ದಾಗ ಮಾವ ಮಾರ್ಕೆಟಿಗೆ ಕಳಿಸಿದರೆ ಕಾಯಿ ಟೊಮೇಟೊ, ಹಣ್ಣು ಟೊಮೇಟೊ ಒಟ್ಟಿಗೇ ತಂದು ಬೈಸಿಕೊಳ್ಳುತ್ತಿದ್ದ. ಆಮೇಲೆ ಒತ್ತಿ ನೋಡಿ ಆರಿಸುವುದನ್ನು ಕಲಿತ. ಎಲ್ಲರೂ ಹಾಗೇ ಒತ್ತಿ ನೋಡಿಯೇ ಆರಿಸುತ್ತಾರೆ ಎಂದು ಇಷ್ಟು ವರ್ಷ ತಿಳಿದಿದ್ದ. ಗಾಡಿಯವನು ಒಂದನ್ನೂ ಒತ್ತದೆ ಸರಸರನೆ ಹಣ್ಣುಗಳನ್ನು ಬೇರೆ ಮಾಡುತ್ತಿದ್ದ. ಉಳಿದವರ ಕಣ್ಣಿಗೆ ಏನು ಕಾಣುತ್ತದೆ? ನೌಕರಿ ಹೋದ ಬೇಸರ ಕೆಲವು ತಿಂಗಳಲ್ಲಿ ಕರಗಿತು, ಆ ಪ್ರಶ್ನೆ ಮಾತ್ರ ಹೋಗಲಿಲ್ಲ.

ರಾತ್ರಿ ಶಾಲೆಯ ಮಾಸ್ತರರು ಅವನನ್ನು ಫೋರ್ಟಿನ ಗಲ್ಲಿಯೊಂದರಲ್ಲಿದ್ದ ಸೊರಾಬ್‌ಜಿಯ ಫೋಟೋ ಸ್ಟುಡಿಯೋಗೆ ಸೇರಿಸಿದರು. ಸೊರಾಬ್‌ಜಿ ವಯಸ್ಸಾದ ಪಾರ್ಸಿ. ಮುಂದಿನ ಕೋಣೆಯಲ್ಲಿ ಅವರು ಫೋಟೋ ತೆಗೆಯುವುದು, ಹಿಂದಿನ ಕತ್ತಲೆ ಕೋಣೆಯಲ್ಲಿ ಕೊರಗಪ್ಪ ಫಿಲಂ ತೊಳೆದು ಪ್ರಿಂಟ್ ಹಾಕುವುದು. ಎಲ್ಲ ಕಪ್ಪು ಬಿಳುಪಿನ ಕೆಲಸ. ಅಲ್ಲಿ ಅವನ ಕಣ್ಣಿಗೆ ಏನೂ ಕಡಿಮೆಯಿರಲಿಲ್ಲ. ಬೂದಿಯ ಬಣ್ಣದಲ್ಲೇ ಎಷ್ಟು ತರ ಉಂಟು ಎಂಬುದು ಅವನಿಗೆ ಬೆರಳ ತುದಿಯಲ್ಲಿತ್ತು. ಕಣ್ಣಿನ ವಿಷಯವನ್ನು ಸೇಠ್‌ಗೆ ಹೇಳಲಿಲ್ಲ. ಕೇಳದೆ ಹೇಳುವುದೇಕೆ?

ಹೇಳಿದ್ದು ಹೆಂಡತಿಗೆ ಮಾತ್ರ. ಸೇವಂತಿ ಮದುವೆಯಾಗಿ ದಾದರಿನ ಚಾಳಿನ ಕೋಣೆಗೆ ಬಂದ ಹೊಸತರಲ್ಲೇ ಅದನ್ನು ಕೇಳಿ, ಗಂಡನಿಗೆ ಜ್ವರ ಬಂತೋ ಎಂಬಂತೆ ಹಣೆ ಮುಟ್ಟಿ ನೋಡಿದಳು. ಆಮೇಲೆ ಪೆಟ್ಟಿಗೆಯಿಂದ ಎರಡು ರವಿಕೆ ಬಟ್ಟೆ ತೆಗೆದು ಮುಂದೆ ಹಿಡಿದಳು.

‘ಎರಡೂ ಒಂದೇ ಕಾಣ್ತದಾ ನಿಮಗೆ?’

‘ಇದು ಸ್ವಲ್ಪ ಮಾಸಿದೆ. ಅಷ್ಟೇ.’

‘ಅಯ್ಯೋ ದೇವರೇ! ಅದು ಗಿಳಿ ಹಸಿರು, ಇದು ಇಟ್ಟಿಗೆ ಬಣ್ಣ.’

‘ಹಸಿರು ಅಂದ್ರೆ ಹೇಗಿರ್ತದೆ ಸೇವಂತಿ?’

ಅವಳು ಯೋಚಿಸಿದಳು. ಕಿಟಕಿಯಾಚೆ ನೋಡಿದಳು, ರವಿಕೆ ಬಟ್ಟೆ ನೋಡಿದಳು. ‘ಹೇಗೆ ಹೇಳುದು? ನೋಡಿದ್ರೆ ಕಣ್ಣಿಗೆ ತಂಪಾಗ್ತದೆ.’

‘ಕೆಂಪು?’

‘ಕೆಂಪು ಕಂಡ್ರೆ ಎಚ್ಚರ ಆಗ್ತದೆ.’

‘ನಂಗೆ ಎರಡೂ ಆಗುದಿಲ್ಲ ಮಾರಾಯ್ತಿ,’ ಎಂದ ಕೊರಗಪ್ಪ. ಇಬ್ಬರೂ ನಕ್ಕರು. ಅಂದಿನಿಂದ ತರಕಾರಿ ಆರಿಸುವುದು, ಅವನ ಅಂಗಿಯ ಬಟ್ಟೆ ಕೊಳ್ಳುವುದು ಸೇವಂತಿಯ ಪಾಲಿಗೆ ಬಂತು.

1972ರಲ್ಲಿ ಮಳೆ ಕೈಕೊಟ್ಟಿತು. ಚಾಳಿನ ನಲ್ಲಿಯಲ್ಲಿ ನೀರು ಬರುವ ಹೊತ್ತು ಕಡಿಮೆಯಾಗುತ್ತ ಬಂತು. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ, ಹತ್ತಿ ಸೀರೆಯುಟ್ಟ ಹೆಂಗಸೊಬ್ಬರು ಸ್ಟುಡಿಯೋಗೆ ಬಂದು, ಹೆಗಲ ಚೀಲದಿಂದ ಬಟ್ಟೆ ಸುತ್ತಿದ ಸಣ್ಣ ಡಬ್ಬಿಗಳನ್ನು ಹೊರತೆಗೆದರು. ಸೊರಾಬ್‌ಜಿ ಒಂದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಕೊರಗಪ್ಪಾ, ತೇರೆ ಮುಲುಕ್ ವಾಲಿ ಹೈ, ತೂ ಹೀ ದೇಖ್,’ ನಿನ್ನ ಸೀಮೆಯವರು, ನೀನೇ ನೋಡು ಎಂದು ಕೂಗಿದರು.

ಅವರು ಕಸ್ತೂರಿಬಾಯಿ. ಬಾಗಲಕೋಟೆ ಕಡೆಯವರು, ಮಾಟುಂಗದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಬಾಯಲ್ಲಿ ಸದಾ ಒಂದು ಲವಂಗ.

‘ಇದು ಸಾದಾ ರೋಲ್ ಅಲ್ರೀ,’ ಎಂದರು. ‘ಇನ್ಫ್ರಾರೆಡ್ ಅಂತಾರ. ಕೆಂಪಿನ ಆಚೆ ಒಂದು ಬೆಳಕು ಅದ, ನಮ್ಮ ಕಣ್ಣಿಗೆ ಕಾಣೂದಿಲ್ಲ. ಈ ಫಿಲಂಗೆ ಕಾಣ್ತದ. ಪರದೇಶದಿಂದ ಬಂದವರ ಕಡೆಯಿಂದ ತರಿಸೇನಿ. ಡಬ್ಬಿ ಮುಚ್ಚಳಾನೂ ಬೆಳಕಿನಾಗ ತಗಿಯೋಹಂಗಿಲ್ಲ. ಕ್ಯಾಮೆರಾಕ್ಕ ಹಾಕೋದೂ ಕತ್ತಲಾಗ, ತಗಿಯೋದೂ ಕತ್ತಲಾಗ. ನಮ್ಮ ಕಾಲೇಜಿನಾಗ ಅಂಥಾ ಕೋಣಿ ಇಲ್ಲ.’

‘ನಮ್ಮಲ್ಲಿ ಕತ್ತಲಿಗೆ ಬರಗಾಲ ಇಲ್ಲ ಟೀಚರೇ,’ ಎಂದ ಕೊರಗಪ್ಪ.

ಅವರು ಕಾಲೇಜಿನ ಕ್ಯಾಮೆರಾ ಕೊಟ್ಟರು. ಅವನು ಒಳಗೆ ಹೋಗಿ, ದೀಪ ಆರಿಸಿ, ಬೆರಳಲ್ಲೇ ತಡವಿ ಫಿಲಂ ಹಾಕಿ ತಂದುಕೊಟ್ಟ. ಫಿಲಂ ಯಾವಾಗಲೂ ತಣ್ಣಗಿರಬೇಕು ಎಂದು ಅವರು ಹೇಳಿದ್ದರಿಂದ ಉಳಿದ ಡಬ್ಬಿಗಳನ್ನು ಮಾವನ ಹೋಟೆಲಿನ ಫ್ರಿಜ್ಜಿನಲ್ಲಿ, ಬೆಣ್ಣೆಯ ಪಕ್ಕದಲ್ಲಿ ಇಡಿಸಿದ.

ವಾರದ ಮೇಲೆ ಮೊದಲ ರೋಲ್ ತೊಳೆದು ಪ್ರಿಂಟ್ ಹಾಕಿದ. ಕೆಂಪು ದೀಪದ ಮಂದ ಬೆಳಕಿನಲ್ಲಿ, ಔಷಧಿಯ ಟ್ರೇಯಲ್ಲಿ ಕಾಗದ ತೇಲುತ್ತಿತ್ತು. ಮೊದಲು ಆಕಾಶ ಮೂಡಿತು, ಹಗಲಲ್ಲಿ ತೆಗೆದ ಫೋಟೋದಲ್ಲಿ ಕಡುಗಪ್ಪು ಆಕಾಶ. ಅದರ ಕೆಳಗೆ ಮಾಟುಂಗದ ಪಾರ್ಕಿನ ಬದಿಯ ರಸ್ತೆ, ರಸ್ತೆಯುದ್ದಕ್ಕೂ ಮಳೆಮರಗಳು. ಅಷ್ಟೂ ಮರಗಳು ಮಲ್ಲಿಗೆ ಸುರಿದ ಹಾಗೆ ಬೆಳ್ಳಗಿದ್ದವು. ಫಿಲಂ ಹಾಳಾಯಿತೋ, ಔಷಧಿ ಕೆಟ್ಟಿತೋ ಎಂದು ಅವನು ಕಾಗದವನ್ನು ದೀಪದ ಹತ್ತಿರ ಹಿಡಿದ. ಆದರೆ ಮರಗಳ ಹಿಂದಿನ ಕಟ್ಟಡಗಳು, ರಸ್ತೆ, ನಿಂತ ಟ್ಯಾಕ್ಸಿ ಎಲ್ಲ ಸರಿಯಾಗಿಯೇ ಬಂದಿದ್ದವು.

ಆ ರಸ್ತೆಯಲ್ಲಿ ಅವನು ಸಾವಿರ ಸಲ ನಡೆದಿದ್ದ. ಅಲ್ಲಿನ ಮರದ ಸೊಪ್ಪು, ಹಿಂದಿನ ಕಟ್ಟಡದ ಗೋಡೆ ಅವನ ಕಣ್ಣಿಗೆ ಒಂದರೊಳಗೊಂದು ಕಲಸಿಹೋಗುತ್ತಿದ್ದವು. ಈಗ ಗೋಡೆ ಹಿಂದೆ ನಿಂತಿತು, ಮರ ಮುಂದೆ ಬಂತು. ಒಂದೊಂದು ಕೊಂಬೆಯ ಅಂಚೂ ಬೇರೆ ಕಂಡಿತು.

ಮರುದಿನ ಕಸ್ತೂರಿಬಾಯಿ ಬಂದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: ‘ಟೀಚರೇ, ನಿಮ್ಮ ಕಣ್ಣಿಗೆ ಮರ ಹೀಗೆಯೇ ಕಾಣ್ತದಾ?’

‘ಛೆ, ಛೆ! ಹಿಂಗ ಯಾರಿಗೂ ಕಾಣೂದಿಲ್ಲ. ಈ ಬೆಳಕಿಗೆ ಎಲ್ಲಾರೂ ಕುರುಡರ.’

ಆ ಮಾತು ಕೇಳಿ ಅವನಿಗೆ ಯಾಕೋ ಬಹಳ ಸಮಾಧಾನವಾಯಿತು.

ಅವರು ಹುಡುಕುತ್ತಿದ್ದುದು ಇದನ್ನು: ನೀರಿಲ್ಲದೆ ಬಳಲುವ ಮರ ಬಾಡುವ ಮೊದಲೇ, ಎಲೆ ಇನ್ನೂ ಹಸಿರಾಗಿರುವಾಗಲೇ ಈ ಫಿಲಂನಲ್ಲಿ ಸಿಕ್ಕಿಬೀಳುತ್ತದೆಯೇ? ಹಾಗೆ ಆಗುತ್ತದೆ ಎಂದು ಕೆಲವರು, ಇಲ್ಲ ಎಂದು ಕೆಲವರು ಬರೆದಿದ್ದರು. ಈ ವರ್ಷ ಮಳೆಯಿಲ್ಲ, ಪಾರ್ಕಿಗೆ ನೀರು ಬಿಡುವುದು ನಿಂತಿದೆ, ನೋಡಿಯೇಬಿಡೋಣ ಎಂದು ಅವರು ಹೊರಟಿದ್ದರು.

‘ಹಸಿರು ಇರೋದ್ರಿಂದ ಬಿಳಿ ಬರುದಾ?’ ಎಂದು ಕೊರಗಪ್ಪ ಕೇಳಿದ.

‘ಅಲ್ರೀ, ಹಸಿರಿಗೂ ಇದಕ್ಕೂ ಸಂಬಂಧ ಕಡಿಮಿ. ಎಲಿ ಒಳಗ ಸಣ್ಣ ಸಣ್ಣ ಗಾಳಿ ಕೋಣಿ ಇರ್ತಾವ. ಈ ಬೆಳಕು ಒಳಗ ಹೊಕ್ಕು, ಗೋಡಿಗೆ ಬಡದು ಬಡದು ಹೊಳ್ಳಿ ಹೊರಗ ಬರ್ತದ.’

‘ಇಡ್ಲಿ ಹಾಗೆ,’ ಎಂದ ಹೋಟೆಲಿನಲ್ಲಿ ಬೆಳೆದ ಕೊರಗಪ್ಪ. ‘ನೆನೆಸಿದ ಅಕ್ಕಿ ಅಷ್ಟು ಬೆಳ್ಳಗಿರುದಿಲ್ಲ. ಉಬ್ಬಿ ಒಳಗೆ ತೂತು ತೂತು ಆದ್ಮೇಲೆ ಬೆಳ್ಳಗೆ ಆಗುದು.’

ಕಸ್ತೂರಿಬಾಯಿ ಲವಂಗ ಅಗಿಯುವುದನ್ನು ನಿಲ್ಲಿಸಿದರು. ‘ನಾಳೆ ಕ್ಲಾಸಿನಾಗ ಇದನ್ನ ಹೇಳ್ತೇನಿ,’ ಎಂದರು.

ಮೊದಲ ರೋಲಿನ ಚಿತ್ರಗಳು ಸ್ವಲ್ಪ ಮಸುಕಾಗಿದ್ದವು. ಈ ಬೆಳಕಿಗೆ ಲೆನ್ಸನ್ನು ಒಂದು ಕೂದಲೆಳೆ ಬೇರೆ ಕಡೆ ತಿರುಗಿಸಬೇಕು, ಅದಕ್ಕೆ ಲೆನ್ಸಿನ ಮೇಲೆ ಕೆಂಪು ಗುರುತು ಇರುತ್ತದೆ ಎಂದು ಕೊರಗಪ್ಪ ಓದಿದ್ದ, ಹೇಳಿದ. ‘ಎಲ್ಲದ? ತೋರಿಸ್ರಿ,’ ಎಂದು ಅವರು ಕ್ಯಾಮೆರಾ ಮುಂದೆ ಹಿಡಿದರು. ಕರಿ ಲೆನ್ಸಿನ ಸುತ್ತ ನಾಲ್ಕಾರು ಬಣ್ಣದ ಚುಕ್ಕೆಗಳಿದ್ದವು. ಕೊರಗಪ್ಪ ಬಗ್ಗಿ ನೋಡಿದ. ಬೆರಳು ಒಂದರ ಮೇಲೆ ಹೋಗಿ ನಿಂತಿತು, ಹಿಂದೆ ಬಂತು, ಇನ್ನೊಂದರ ಮೇಲೆ ಹೋಯಿತು. ಮತ್ತೆ ಚುಕ್ಕೆಗಳು!

‘ಅದು ಹಸಿರು ಐತಲ್ರೀ,’ ಎಂದರು ಕಸ್ತೂರಿಬಾಯಿ ಮೆಲ್ಲಗೆ.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಮುಂದಿನ ಕೋಣೆಯಲ್ಲಿ ಸೇಠ್ ಇಲ್ಲವೆಂದು ಇಣುಕಿ ನೋಡಿ, ಅವನು ಎಲ್ಲ ಹೇಳಿಬಿಟ್ಟ. ಅಯ್ಯೋ ಪಾಪ ಎನ್ನುತ್ತಾರೆ ಎಂದುಕೊಂಡಿದ್ದ. ಅವರು ಕುರ್ಚಿ ಎಳೆದು ಹತ್ತಿರ ಕೂತು, ‘ಹೌದಾ? ಮಾವಿನ ಚಿಗುರು ಹೆಂಗ ಕಾಣ್ತದ ನಿಮಗ? ಒಣಗಿದ ಎಲಿ? ಕೊತ್ತಂಬರಿ?’ ಎಂದು ಶುರು ಮಾಡಿದರು. ಮುಂದಿನ ಸಲ ಬರುವಾಗ ಚೀಲದ ತುಂಬ ಎಲೆಗಳನ್ನೇ ತಂದರು. ಒಂದೊಂದನ್ನೇ ಮೇಜಿನ ಮೇಲಿಟ್ಟು ಯಾವುದು ತಾಜಾ, ಯಾವುದು ನಿನ್ನೆಯದು ಎಂದು ಕೇಳಿದರು. ಮೊದಮೊದಲು, ತಾನೇನು ಇವರ ಪ್ರಯೋಗದ ಕಪ್ಪೆಯೇ ಎಂದು ಕೊರಗಪ್ಪನಿಗೆ ಸಿಟ್ಟು ಬಂತು. ಆಮೇಲೆ ಅವನಿಗೂ ಮೋಜೆನಿಸಿತು. ಕೆಲವನ್ನು ಎಲೆಯ ಮೇಲಿನ ಹೊಳಪು ನೋಡಿ ಸರಿಯಾಗಿ ಹೇಳಿದ, ಕೆಲವು ಪೂರಾ ತಪ್ಪಿದ. ಅವನು ಸರಿ ಹೇಳಿದಾಗ ಎಷ್ಟು ಖುಷಿಪಡುತ್ತಿದ್ದರೋ, ತಪ್ಪಿದಾಗಲೂ ಅವರು ಅಷ್ಟೇ ಖುಷಿಪಡುತ್ತಿದ್ದರು.

ಕೆಲಸ ಸಾಗಿತು. ಪ್ರತಿ ಭಾನುವಾರ ಕಸ್ತೂರಿಬಾಯಿ ಎದುರಿನ ಕಟ್ಟಡದ ಟೆರೇಸ್ ಹತ್ತಿ ಅದೇ ಸಾಲಿನ ಚಿತ್ರ ತೆಗೆಯುವರು. ಆದರೆ ಬಿಸಿಲು ಒಂದು ದಿನದ ಹಾಗೆ ಇನ್ನೊಂದು ದಿನ ಇರುವುದಿಲ್ಲ. ಕಳೆದ ವಾರದ ಬಿಳಿ, ಈ ವಾರದ ಬಿಳಿ ಎರಡನ್ನೂ ತಾಳೆ ನೋಡುವುದು ಹೇಗೆ? ಕೊರಗಪ್ಪ ಹೋಟೆಲಿನಿಂದ ಒಂದು ಬಿಳಿ ಪಿಂಗಾಣಿ ತಟ್ಟೆ ತಂದುಕೊಟ್ಟು, ‘ಇದನ್ನು ಮರಗಳ ನಡುವೆ ತೂಗುಹಾಕಿ ಟೀಚರೇ. ಪ್ರತಿ ಪ್ರಿಂಟಲ್ಲೂ ತಟ್ಟೆ ಒಂದೇ ಬಿಳಿ ಬರುವ ಹಾಗೆ ನಾನು ಮಾಡ್ತೇನೆ. ಮತ್ತೆ ಮರ ಬದಲಾದ್ರೆ ಗೊತ್ತಾಗ್ತದೆ,’ ಎಂದ. ಪಾರ್ಕಿನ ಮಾಲಿ ಮರೆಪ್ಪ ತಟ್ಟೆಗೆ ತಂತಿ ಬಿಗಿದು ಕಟ್ಟಿದ. ಇವನು ಯಾದಗಿರಿ ಕಡೆಯವನು, ಮರಕ್ಕೆ ಗಿಡ ಎನ್ನುವವನು. ‘ಗಿಡಕ್ಕ ದೃಷ್ಟಿ ಆಗಬಾರದಂತ ಏನ್ರೀ ಬಾಯಾರ?’ ಎಂದು ಕೇಳಿದನಂತೆ.

ನಡುವೆ ಒಂದು ರೋಲ್ ಹಾಳಾಯಿತು. ಬೆಣ್ಣೆಯ ಪಕ್ಕದಲ್ಲಿ ದಿನಾ ಕಾಣುವ ಡಬ್ಬಿಯಲ್ಲಿ ಏನಿದೆ ಎಂದು ಅಣ್ಣು ಮಾವನೇ ಮುಚ್ಚಳ ತೆಗೆದು, ಸುರುಳಿ ಬಿಚ್ಚಿ ನೋಡಿ, ಏನೂ ಕಾಣದೆ ಮತ್ತೆ ಚಂದ ಮಾಡಿ ಸುತ್ತಿಟ್ಟಿದ್ದರು. ‘ಒಂದು ಚೂರು ನೋಡಿದ್ದು ಮಾತ್ರ ಮಾರಾಯ, ಮುಟ್ಟಲೂ ಇಲ್ಲ,’ ಎಂದು ಆಣೆ ಹಾಕಿದರು. ಕಸ್ತೂರಿಬಾಯಿ ಆ ದಿನ ಹೋಟೆಲಿಗೆ ಬಂದು ಕಾಫಿ ಕುಡಿಯದೆ ಹೋದರು. ಮರುವಾರ ಕುಡಿದರು.

ಸಾಲಿನ ಮರಗಳಿಗೆ ತಮ್ಮತಮ್ಮಲ್ಲೇ ಹೆಸರಿಟ್ಟುಕೊಂಡಿದ್ದರು. ಒಂದರ ಬುಡದಲ್ಲಿ ಕಲ್ಲು ಬೆಂಚಿತ್ತು, ಅದು ಬೆಂಚಿನ ಮರ. ಇನ್ನೊಂದರ ನೆರಳಲ್ಲಿ ಇಸ್ತ್ರಿಯವನು ಮೇಜು ಹಾಕಿದ್ದ, ಅದು ಇಸ್ತ್ರಿ ಮರ. ಸಂಕ್ರಾಂತಿ ಕಳೆದ ಹೊತ್ತಿಗೆ ಪ್ರಿಂಟಿನಲ್ಲಿ ಬೆಂಚಿನ ಮರ ಉಳಿದವಕ್ಕಿಂತ ಮಂಕಾಗತೊಡಗಿತು. ನೋಡುವವರ ಕಣ್ಣಿಗೆ ಇನ್ನೂ ಹಸಿರೇ. ಕಸ್ತೂರಿಬಾಯಿಗೆ ಸಂಭ್ರಮವೋ ಸಂಭ್ರಮ. ‘ಸಿಕ್ತು ನೋಡ್ರಿ! ಬಾಡೋಕ್ಕಿಂತ ಮೊದಲ ಸಿಕ್ತು!’ ಎಂದು ಸ್ಟುಡಿಯೋದಲ್ಲೇ ಕೂಗಿಬಿಟ್ಟರು. ಮರೆಪ್ಪ ಪಾರ್ಕಿನ ಹಳೆ ಬಾವಿಯಿಂದ ಸೇದಿ ಸೇದಿ ಆ ಮರಕ್ಕೆ ನೀರು ಹಾಕಿದ. ಮರ ಬೆಳ್ಳಗಾಗಲಿಲ್ಲ. ಇನ್ನೂ ಮಂಕಾಗಿ, ಹಳದಿಯಾಗಿ, ಒಂದು ವಾರ ರಸ್ತೆಯ ತುಂಬ ಎಲೆಯುದುರಿಸಿತು. ಮತ್ತೆರಡು ವಾರಕ್ಕೆ ಮೈತುಂಬ ಹೊಸ ಚಿಗುರು ಹೊತ್ತು ನಿಂತಿತು. ಅದು ಬಾಯಾರಿದ್ದಲ್ಲ, ವರ್ಷಾವರ್ಷ ಎಲೆ ಬದಲಿಸುವ ಮರ ಈ ಸಲ ಉಳಿದವಕ್ಕಿಂತ ಸ್ವಲ್ಪ ಮೊದಲು ಬದಲಿಸಿತ್ತು, ಅಷ್ಟೇ.

ಕಸ್ತೂರಿಬಾಯಿ ಮುಖ ಚಿಕ್ಕದು ಮಾಡಿಕೊಂಡು ಕೂತರು. ‘ಒಂದೊಂದು ಗಿಡದ್ದೂ ಒಂದೊಂದು ವ್ಯಾಳ್ಯಾ. ನನಗ ಹೊಳೀಲೇ ಇಲ್ಲ,’ ಎಂದರು.

ಕೊರಗಪ್ಪ ಹಳೆಯ ಪ್ರಿಂಟ್‌ಗಳನ್ನು ಮತ್ತೆ ಹರಡಿ ನೋಡುತ್ತ ಕೂತ. ಬೆಂಚಿನ ಮರದ ಗಲಾಟೆಯಲ್ಲಿ ಉಳಿದ ಮರಗಳನ್ನು ಯಾರೂ ಸರಿಯಾಗಿ ನೋಡಿರಲಿಲ್ಲ. ಇಸ್ತ್ರಿ ಮರ ಚೆನ್ನಾಗಿಯೇ ಬೆಳ್ಳಗಿತ್ತು. ಆದರೆ ಅದರ ಬಿಳುಪು ಒಂದೇ ಸಮ ಇರಲಿಲ್ಲ. ಅಲ್ಲೊಂದು ಇಲ್ಲೊಂದು ಕಡೆ ಹೆಪ್ಪುಗಟ್ಟಿದ ಮೊಸರಿನ ಹಾಗೆ ಗಟ್ಟಿ ಬಿಳಿ, ಸುತ್ತ ನೀರು ಮಜ್ಜಿಗೆಯ ಹಾಗೆ ತೆಳು ಬಿಳಿ. ಬೇರೆ ಮರಗಳಲ್ಲಿ ಹಾಗಿಲ್ಲ. ಪ್ರಿಂಟಿನ ತಪ್ಪೋ ಎಂದು ಮತ್ತೆ ಹಾಕಿ ನೋಡಿದ. ಮತ್ತೆ ಹಾಗೇ ಬಂತು.

ಶನಿವಾರ ಸ್ಟುಡಿಯೋ ಬೇಗ ಮುಚ್ಚಿತು. ಮಾಟುಂಗ ಮಾರ್ಕೆಟಿಗೆ ಬಂದಿದ್ದ ಸೇವಂತಿಯನ್ನು ಕರೆದುಕೊಂಡು ಅವನು ಆ ಮರದ ಕೆಳಗೆ ಹೋಗಿ ನಿಂತ.

‘ಮೇಲೆ ನೋಡು. ಎಲ್ಲ ಒಂದೇ ಹಸಿರಾ, ಬೇರೆ ಬೇರೆಯಾ?’

‘ಎಲ್ಲ ಹಸಿರೇ,’ ಎಂದಳು ಸೇವಂತಿ. ಕೈಯಲ್ಲಿ ತರಕಾರಿ ಚೀಲ ಭಾರವಾಗಿತ್ತು. ‘ಕುತ್ತಿಗೆ ನೋಯ್ತದೆ, ಹೋಗುವಾ.’

‘ಸ್ವಲ್ಪ ನಿಲ್ಲು.’

ಬಿಸಿಲು ಇಳಿಯಿತು. ಮಳೆಮರದ ಎಲೆಗಳು ಸಂಜೆಗೆ ಮಡಿಚಿಕೊಳ್ಳುತ್ತವೆ. ಸಾಲಿನುದ್ದಕ್ಕೂ ಒಂದೊಂದೇ ಮರ ಮೈ ಮುದುಡಿಕೊಳ್ಳುತ್ತ, ಕೊಂಬೆಗಳ ನಡುವೆ ಆಕಾಶ ಅಗಲವಾಗುತ್ತ ಬಂತು. ಇಸ್ತ್ರಿ ಮರದಲ್ಲಿ ಮಾತ್ರ ದೊಡ್ಡ ದೊಡ್ಡ ಗೊಂಚಲುಗಳು ಮಡಿಚಲೇ ಇಲ್ಲ. ಮಲಗಿದ ಮನೆಯಲ್ಲಿ ಎದ್ದು ಕೂತವರ ಹಾಗೆ ತೆರೆದುಕೊಂಡೇ ಇದ್ದವು. ಪ್ರಿಂಟಿನಲ್ಲಿ ಗಟ್ಟಿ ಬಿಳಿ ಕಂಡ ಜಾಗಗಳೇ ಅವು.

‘ರೀ, ಅದು ಈ ಮರದ ಎಲೆಯೇ ಅಲ್ಲ!’ ಎಂದಳು ಸೇವಂತಿ ಚೀಲ ಕೆಳಗಿಟ್ಟು. ‘ದಪ್ಪ ಎಲೆ. ಬಂದಳಿಕೆ ಅದು! ನಮ್ಮ ಮನೆ ಹಿಂದಿನ ಮಾವಿನ ಮರಕ್ಕೂ ಹಿಡಿದಿತ್ತು.’

ಬಂದಳಿಕೆ, ಮರೆಪ್ಪನ ಮಾತಿನಲ್ಲಿ ಬದನಿಕಿ, ಎಂದರೆ ಬೇರೆ ಮರದ ಕೊಂಬೆಯಲ್ಲೇ ಬೇರು ಬಿಟ್ಟು ಅದರ ನೀರು ಕುಡಿದು ಬದುಕುವ ಗಿಡ. ಭಾನುವಾರ ವಿಷಯ ಕೇಳಿ ಕಸ್ತೂರಿಬಾಯಿ ಹಣೆ ಹಣೆ ಬಡಿದುಕೊಂಡರು. ನೀರಿಲ್ಲದ ವರ್ಷದಲ್ಲಿ ಬಂದಳಿಕೆ ಮಾತ್ರ ಕೊಬ್ಬಿ ನಿಂತಿತ್ತು, ಮರ ಸೊರಗುತ್ತಿತ್ತು. ಫಿಲಂಗೆ ಎಲೆ ಕಂಡಿತ್ತು, ಯಾರ ಎಲೆ ಎಂದು ಅದಕ್ಕೇನು ಗೊತ್ತು? ಮರೆಪ್ಪನೂ ತಲೆ ಕೆರೆದುಕೊಂಡ. ‘ಬದನಿಕಿ ಐತಂತ ನೋಡಿನ್ರಿ ಬಾಯಾರ. ಮ್ಯಾಲ ಹಸರ ಕಾಣತೈತಿ, ಗಿಡ ಗಟ್ಟಿ ಐತಿ ಅಂತ ಬಿಟ್ಟಿನ್ರಿ.’

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಆ ಮರದ ಒಣಗಿದ ಕೊಂಬೆಯೊಂದು ಮುರಿದು ಇಸ್ತ್ರಿ ಮೇಜಿನ ಮೇಲೆ ಬಿತ್ತು. ಇಸ್ತ್ರಿಯವನು ಚಹಾಕ್ಕೆ ಹೋಗಿದ್ದರಿಂದ ಉಳಿದ. ಮರುದಿನವೇ ಗರಗಸ, ಹಗ್ಗ ಹಿಡಿದು ಮುನಿಸಿಪಾಲಿಟಿಯ ಜನ ಬಂದರು, ಮರವನ್ನೇ ಉರುಳಿಸುವುದು ಎಂದು. ಸುದ್ದಿ ತಿಳಿದು ಕಸ್ತೂರಿಬಾಯಿ ಪಾಠ ಬಿಟ್ಟು ಓಡಿಬಂದರು. ಸ್ಟುಡಿಯೋಗೆ ಫೋನ್ ಮಾಡಿ ಕೊರಗಪ್ಪನನ್ನೂ ಪ್ರಿಂಟ್ ಸಮೇತ ಕರೆಸಿದರು.

ಅವರ ಮೇಲ್ವಿಚಾರಕ ಒಳ್ಳೆಯ ಮನುಷ್ಯನೇ. ಪ್ರಿಂಟ್ ಕೈಗೆ ತೆಗೆದುಕೊಂಡು ಮರವನ್ನೊಮ್ಮೆ ಅದನ್ನೊಮ್ಮೆ ನೋಡಿದ. ‘ಬಾಯಿ, ಝಾಡ್ ಪಾಂಢರಂ ಕಸಂ? ಮರ ಎಲ್ಲಾದರೂ ಬಿಳಿ ಇರ್ತದಾ? ನಿಮ್ಮ ಫಿಲಂ ಕೆಟ್ಟಿದೆ,’ ಎಂದ. ಬಂದಳಿಕೆಯ ಗೊಂಚಲುಗಳನ್ನು ಬಿಟ್ಟರೂ ಪಾರ್ಕಿನ ಕಡೆಯ ಕೊಂಬೆಗಳು ಇನ್ನೂ ತೆಳ್ಳಗೆ ಬೆಳ್ಳಗಿವೆ, ಆ ಕಡೆ ಜೀವವಿದೆ, ರಸ್ತೆಯ ಕಡೆಯದನ್ನು ಮಾತ್ರ ಕಡಿಯಿರಿ ಎಂದು ಕಸ್ತೂರಿಬಾಯಿ ವಾದಿಸಿದರು. ಮೇಲ್ವಿಚಾರಕ ಒಪ್ಪಲಿಲ್ಲ. ಕೊರಗಪ್ಪನಿಗೆ ಮರಾಠಿ ತಕ್ಕಮಟ್ಟಿಗೆ ಬರುತ್ತಿತ್ತು, ಬಿಳಿ ಮರವನ್ನು ಮರಾಠಿಯಲ್ಲಿ ವಿವರಿಸುವಷ್ಟು ಅಲ್ಲ.

ಆಗ ಮರೆಪ್ಪ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಮರ ಹತ್ತಿದ. ‘ಯಾವ ಟೊಂಗಿ ಕೆರೀಲ್ರಿ? ಹೇಳ್ರಿ,’ ಎಂದು ಮೇಲಿಂದ ಕೂಗಿದ. ಕೊರಗಪ್ಪ ಪ್ರಿಂಟ್ ನೋಡುತ್ತ, ಕೈ ತೋರಿಸುತ್ತ ಕೆಳಗಿನಿಂದ ಹೇಳಿದ. ಮರೆಪ್ಪ ತೊಗಟೆ ಕೆರೆದು, ಒಳಗೆ ಹಸಿಯಿದೆಯೋ ಒಣಗಿದೆಯೋ ಎಂದು ಬೆರಳಿಟ್ಟು ನೋಡಿ ಕೂಗುತ್ತ ಹೋದ. ‘ಹಸಿ ಐತ್ರಿ! ಇದೂ ಹಸಿ ಐತಿ!’ ಒಂದೆರಡು ಕಡೆ ಮಾತ್ರ ಪ್ರಿಂಟ್ ಹಸಿ ಎಂದದ್ದು ಒಣಗಿತ್ತು. ಉಳಿದದ್ದು ಬಹುಪಾಲು ಹೊಂದಿತು. ಕೆಳಗೆ ಸೇರಿದ್ದ ಜನ ಕ್ರಿಕೆಟ್ ಆಟದ ಹಾಗೆ ಪ್ರತಿ ಕೂಗಿಗೂ ಹೋ ಎನ್ನತೊಡಗಿದರು. ಕೊನೆಗೆ ಮೇಲ್ವಿಚಾರಕನೇ ಪ್ರಿಂಟ್ ಕಿತ್ತುಕೊಂಡು, ‘ಅದು? ಆ ಮೇಲಿನದು?’ ಎಂದು ತಾನೇ ಕೇಳತೊಡಗಿದ.

ರಸ್ತೆಯ ಕಡೆಯ ಒಣ ಕೊಂಬೆಗಳನ್ನು, ಬಂದಳಿಕೆ ಹಿಡಿದವನ್ನು ಕಡಿದು, ಉಳಿದದ್ದನ್ನು ಮಳೆಯವರೆಗೆ ಬಿಡುವುದು ಎಂದಾಯಿತು. ಜೂನಿನಲ್ಲಿ ಮಳೆ ಬಂತು. ಅರ್ಧ ತಲೆ ಬೋಳಿಸಿದಂತಿದ್ದ ಮರ ಪಾರ್ಕಿನ ಕಡೆಗೆ ವಾಲಿಕೊಂಡು ಚಿಗುರಿತು. ಕಡಿಯದೆ ಬಿಟ್ಟಿದ್ದರಿಂದ ಬದುಕಿತೋ, ಬಂದಳಿಕೆ ತೆಗೆದದ್ದರಿಂದ ಬದುಕಿತೋ, ಬರೀ ಮಳೆಯಿಂದಲೋ ಎಂದು ಕೊರಗಪ್ಪ ಕೇಳಿದ. ‘ಎರಡು ಇಂಥಾ ಗಿಡ ಇದ್ದು, ಒಂದನ್ನ ಹಂಗ ಬಿಟ್ಟಿದ್ರ ಹೇಳಬಹುದಿತ್ತು,’ ಎಂದರು ಕಸ್ತೂರಿಬಾಯಿ. ಫಿಲಂ ಮುಗಿದಿತ್ತು. ಅವರ ಮೊದಲಿನ ಪ್ರಶ್ನೆಗೆ ಹೌದು ಎನ್ನಲೂ ಇಲ್ಲ ಎನ್ನಲೂ ಅಷ್ಟು ಚಿತ್ರಗಳು ಸಾಲಲಿಲ್ಲ.

ಆಮೇಲೆ ಒಂದೆರಡು ವರ್ಷಕ್ಕೆ ಅವರು ಯಾರದೋ ಕಡೆಯಿಂದ ಅದೇ ಬೆಳಕನ್ನು ಬಣ್ಣದಲ್ಲಿ ತೋರಿಸುವ ಫಿಲಂನ ತುಣುಕೊಂದನ್ನು ತಂದು ತೋರಿಸಿದರು. ಅದರಲ್ಲಿ ಗಟ್ಟಿ ಮರ ಕೆಂಪಾಗಿಯೂ ಬಳಲಿದ್ದು ಬೇರೆ ಬಣ್ಣವಾಗಿಯೂ ಬರುವುದಂತೆ. ಕೊರಗಪ್ಪ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಎಲ್ಲ ಒಂದೇ ಮಣ್ಣಾಗಿ ಕಂಡಿತು. ‘ಇದು ನನಗಲ್ಲ ಟೀಚರೇ,’ ಎಂದು ನಕ್ಕು ಕೊಟ್ಟುಬಿಟ್ಟ. ಅವರು ನಗಲಿಲ್ಲ. ಆ ತುಣುಕನ್ನು ಚೀಲಕ್ಕೆ ಹಾಕಿಕೊಳ್ಳುತ್ತ, ‘ಕಪ್ಪು ಬಿಳುಪಿಂದು ಎಲ್ಲೆರ ಸಿಕ್ಕರ ತರ್ತೇನಿ,’ ಎಂದರು.

ಸ್ಟುಡಿಯೋಗೂ ಬಣ್ಣ ಬಂತು. ಸೊರಾಬ್‌ಜಿ ಬಣ್ಣದ ಪ್ರಿಂಟ್ ಕಲಿಯಲು ಅವನನ್ನು ಕಳಿಸುವುದೆಂದು ನಿಶ್ಚಯಿಸಿದ ದಿನ, ಕೊರಗಪ್ಪ ಹತ್ತು ವರ್ಷ ಹೇಳದ ಮಾತನ್ನು ಹೇಳಿದ. ಸೇಠ್ ಕನ್ನಡಕ ಹಣೆಗೇರಿಸಿ ಅವನನ್ನೇ ನೋಡಿದರು. ‘ಅರೇ ಡಿಕ್ರಾ, ಮಗನೇ, ಅದಕ್ಕೇ ನಿನ್ನ ಅಂಗಿಗಳು ಹಾಗಿದ್ದವಾ!’ ಎಂದರು. ‘ಅಂಗಿ ಆರಿಸುವುದು ನನ್ನ ಹೆಂಡತಿ ಸೇಠ್,’ ಎಂದು ಅವನೆಂದ. ಬಣ್ಣದ ಕೆಲಸಕ್ಕೆ ಬೇರೊಬ್ಬ ಬಂದ. ಕೊರಗಪ್ಪನಿಗೆ ಪಾಸ್‌ಪೋರ್ಟ್ ಫೋಟೋಗಳು ಉಳಿದವು. ದುಬೈ, ಕುವೈತ್ ಎಂದು ಹೊರಟ ಜನ ಗಲ್ಲಿಯ ತುಂಬ ಸಾಲು ನಿಲ್ಲುತ್ತಿದ್ದ ಕಾಲ, ಆ ಫೋಟೋಗಳೆಲ್ಲ ಕಪ್ಪು ಬಿಳುಪು. ಕೈತುಂಬ ಕೆಲಸವಿತ್ತು.

ದಾದರಿನ ಚಾಳು ಬಿಟ್ಟು ಅವರು ಮಲಾಡಿನಲ್ಲಿ ಒಂದು ಕೋಣೆ ಮಾಡಿದ್ದರು. 1978ರಲ್ಲಿ ಕಸ್ತೂರಿಬಾಯಿ ಮಾತಿನಂತೆ ಅವಧಿ ಮುಗಿದ ಒಂದು ಇನ್ಫ್ರಾರೆಡ್ ರೋಲನ್ನು ತಂದುಕೊಟ್ಟು, ‘ಇದು ನಿಮಗ. ಏನ ಬೇಕಾದ್ದು ತಗೀರಿ,’ ಎಂದರು. ಭಾನುವಾರ ಅವನು ಸೇವಂತಿಯೊಂದಿಗೆ ಮಲಾಡಿನ ಖಾಡಿಗೆ, ಕಡಲ ನೀರು ಒಳಗೆ ಬರುವ ಕಾಲುವೆಯ ದಡಕ್ಕೆ ಹೋದ. ಊರಿನ ಹೊಳೆಯ ಬಾಯಲ್ಲಿ ಕಾಣುತ್ತಿದ್ದ ಕಾಂಡ್ಲಾ ಗಿಡಗಳು ಅಲ್ಲೂ ಉಪ್ಪುನೀರಿನ ಕೆಸರಲ್ಲಿ ಕಾಲೂರಿ ನಿಂತಿದ್ದವು. ರೋಲ್ ಮುಗಿಯುವವರೆಗೆ ಅವನ್ನೇ ತೆಗೆದ.

ಮರುದಿನ ಪ್ರಿಂಟ್ ಹಾಕಿದಾಗ ನೀರಿನ ಬದಿಯ ಗಿಡಗಳು ಒಂದು ತರ, ದಡದ ಕಡೆಯವು ಇನ್ನೊಂದು ತರ ಕಂಡವು. ಅವನು ಕಾಲೇಜಿಗೆ ಫೋನ್ ಮಾಡಿದ.

‘ಟೀಚರೇ, ಕಾಂಡ್ಲಾ ನೀರಲ್ಲೇ ನಿಂತಿರ್ತದೆ. ಆದ್ರೆ ಅದು ಉಪ್ಪುನೀರು. ಹಾಗಾದ್ರೆ ಅದಕ್ಕೆ ಬಾಯಾರಿಕೆ ಉಂಟಾ, ಇಲ್ವಾ?’

ಆ ಕಡೆ ಲವಂಗ ಕಡಿದ ಸಣ್ಣ ಸದ್ದು ಕೇಳಿಸಿತು.

‘ಕುಡದ ಉಪ್ಪನ್ನ ಎಲಿಯಿಂದ ಹೊರಗ ಹಾಕ್ತದ ಅಂತ ಓದೇನಿ, ಆದರ ಕಣ್ಣಾರೆ ನೋಡಿಲ್ರೀ,’ ಎಂದರು ಕಸ್ತೂರಿಬಾಯಿ. ‘ಭಾನುವಾರ ಮಲಾಡ್ ಸ್ಟೇಷನ್ ಹೊರಗ ನಿಂತಿರ್ರಿ. ಸೇವಂತಿಬಾಯಾರನ್ನೂ ಕರ್ಕೊಂಡು ಬರ್ರಿ, ಬಣ್ಣಾ ನೋಡಿ ಹೇಳಾಕ ಯಾರರ ಬೇಕಲ್ಲ.’

ಭಾನುವಾರ ಇಳಿತದ ಹೊತ್ತಿಗೆ ಮೂವರೂ ಸೀರೆ, ಪ್ಯಾಂಟು ಮೊಣಕಾಲಿಗೆತ್ತಿ, ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಿಗಿಳಿದರು. ಸೇವಂತಿ ಮುಂದೆ ಹೋಗಿ ಎಲೆಯೊಂದನ್ನು ಕಿತ್ತು ಮೂಸಿ, ನಾಲಿಗೆಯ ತುದಿಗಿಟ್ಟು ನೋಡಿ, ‘ಉಪ್ಪುಪ್ಪು ಉಂಟು!’ ಎಂದು ಹಿಂದೆ ತಿರುಗಿ ಕೂಗಿದಳು. ‘ತಡೀರಿ, ತಡೀರಿ, ಇನ್ನೊಂದು ಹರೀರಿ, ಆ ದಂಡಿ ಕಡೀದು,’ ಎನ್ನುತ್ತ ಕಸ್ತೂರಿಬಾಯಿ ಕೆಸರಲ್ಲಿ ಕಾಲು ಕೀಳುತ್ತ ಅವಳತ್ತ ನಡೆದರು. ಕೊರಗಪ್ಪ ತಾನೂ ಒಂದೆಲೆ ಕಿತ್ತು ಬಾಯಿಗಿಟ್ಟುಕೊಂಡ.